ಆಷಾಢದಲ್ಲಿ ಗಾಳಿಯಿಲ್ಲವೆಂದು ಬರೆದುಕೊಟ್ಟವರಿಗೆ

ಗಾಳಿಯನ್ನು ಅಳೆದು ಉಂಟು, ಇಲ್ಲ ಎಂದು ತೀರ್ಪು ಕೊಡುವ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಹೊಸದುರ್ಗ ತಾಲ್ಲೂಕಿನಲ್ಲಿ ಆಷಾಢ ಮಾಸದಲ್ಲಿ ಗಾಳಿ ಬೀಸುವುದಿಲ್ಲ ಎಂದು ತಾವು ವರದಿ ಬರೆದು, ಮೊಹರು ಒತ್ತಿ, ಬಾಗೂರಿನ ಆಚೆ ನಮ್ಮೂರ ಪಕ್ಕದ ಹಟ್ಟಿಗೆ ಕಳಿಸಿದ್ದೀರಿ. ಆದ್ದರಿಂದ ಹಟ್ಟಿಯ ಹೆಣ್ಣುಮಕ್ಕಳ ಸಂಘ ಕುಡಿಯುವ ನೀರೆತ್ತಲು ಕೇಳಿದ್ದ ಒಂದೇ ಒಂದು ಸಣ್ಣ ಗಾಳಿಯಂತ್ರ ‘ನಾಟ್ ಫೀಸಿಬಲ್’ ಆಗಿದೆ. ಇನ್ನು ಐದು ವರ್ಷ ಅರ್ಜಿ ಹಾಕುವಂತಿಲ್ಲ. ಆಕ್ಷೇಪಣೆಯಿದ್ದರೆ ಮೂವತ್ತು ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ಎರಡು ಸಲ ತಿಳಿಸಿದೆ. ಆ ಎರಡೂ ಕಾಗದಗಳನ್ನು ತಾವು ಯಾವ ಗಾಳಿಗೆ ತೂರಿದಿರೋ ತಿಳಿಯದು, ನಿಮ್ಮ ಲೆಕ್ಕದಲ್ಲಿ ಗಾಳಿಯೇ ಇಲ್ಲವಲ್ಲ. ಹಾಗಾಗಿ ಈ ಸಲ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಹಟ್ಟಿಯಲ್ಲಿ ನಲವತ್ತೆರಡು ಮನೆಗಳಿವೆ. ಕೊಳವೆಬಾವಿ ತಗ್ಗಿನಲ್ಲಿದೆ, ಟ್ಯಾಂಕು ದಿಬ್ಬದ ಮೇಲಿದೆ. ಆಷಾಢದ ಗಾಳಿ ಎದ್ದರೆ ಕರೆಂಟಿನ ತಂತಿಗಳು ಒಂದಕ್ಕೊಂದು ತಾಗಿ ಲೈನು ಹೋಗುತ್ತದೆ. ಹೋದದ್ದು ಎರಡು ದಿನಕ್ಕೂ ಬರಬಹುದು, ಒಂಬತ್ತು ದಿನಕ್ಕೂ ಬರಬಹುದು. ಹೋದ ವರ್ಷ ಒಂಬತ್ತು ದಿನಕ್ಕೆ ಬಂತು. ಅಷ್ಟೂ ದಿನ ಹಟ್ಟಿಯ ಹೆಂಗಸರು ಮೈಲು ದೂರದ ತೆಂಗಿನ ತೋಟದ ಬೇಲಿಯ ಹೊರಗೆ ಕೊಡ ಹಿಡಿದು, ತೋಟದವನ ಮನಸ್ಸು ಕರಗಲಿ ಎಂದು ನಿಂತಿದ್ದರು. ಕರೆಂಟು ಕೆಡಿಸುವ ಗಾಳಿಯೇ ನೀರೆತ್ತಲಿ ಎಂದು ಸಂಘದ ಕೆಂಚಕ್ಕ ಕೇಳಿದ್ದು ತಪ್ಪೇ? ಎದುರಿನ ಗುಡ್ಡದ ಮೇಲೆ ಕಂಪನಿಯವರ ದೊಡ್ಡ ಫ್ಯಾನುಗಳು ಹಗಲೆಲ್ಲ ತಿರುಗುತ್ತವೆ. ಆ ಗುಡ್ಡಕ್ಕೆ ಬೀಸುವ ಗಾಳಿ ನಡುವಿನ ಹಳ್ಳ ದಾಟುವಾಗ ನಮ್ಮ ಹಟ್ಟಿಯನ್ನು ನೋಡಿ ಮುಖ ತಿರುಗಿಸಿಕೊಂಡು ಹೋಗುತ್ತದೆಯೇ?

ಸ್ಥಳ ಪರಿಶೀಲನೆಗೆ ಬಂದ ದಿನ ನಿಮ್ಮ ಇಂಜಿನಿಯರು ಜೀಪಿನ ಬಾನೆಟ್ ಮೇಲೆ ಕಾಗದ ಹರಡಿ, ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟರು. ಆದರೂ ಮೂರನೇ ಹಾಳೆ ಹಾರಿ ಜಾಲಿಗಿಡಕ್ಕೆ ಸಿಕ್ಕಿಕೊಂಡಿತು. ಬಿಡಿಸಿ ತಂದವನು ನಾನು, ಮುಳ್ಳು ಚುಚ್ಚಿಸಿಕೊಂಡವನೂ ನಾನೇ. ಅದರ ಮೇಲೆ ‘ಗಾಳಿಯ ಲಕ್ಷಣ: ಸಾಧಾರಣ’ ಎಂದು ಬರೆದಿತ್ತು.

ನಾನು ವಿಜ್ಞಾನ ಓದಿದವನಲ್ಲ. ದುರ್ಗದಲ್ಲಿ ಬಿ.ಎ. ಎರಡನೇ ವರ್ಷದವರೆಗೆ ಓದಿ, ಅಪ್ಪನಿಗೆ ಪಾರ್ಶ್ವವಾಯು ಬಡಿದದ್ದರಿಂದ ಊರಿಗೆ ಬಂದವನು. ಆದರೆ ನಮ್ಮ ಮನೆಯಲ್ಲೊಂದು ಅಳತೆಯಿತ್ತು. ನನ್ನ ಹೆಂಡತಿ ಅನ್ನಪೂರ್ಣ ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಕಣದೊಳಗೇ ಬಿದ್ದರೆ ಮೊರ ಕೆಳಗಿಟ್ಟು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಬೇಲಿಗೆ ಬಿದ್ದರೆ ಕೆಲಸ ಶುರು. ದಾರಿ ದಾಟಿ ನಿಂಗಕ್ಕನ ಅಂಗಳಕ್ಕೆ ಬಿದ್ದರೆ ಜಗಳ ಶುರು. ಇಪ್ಪತ್ತೆಂಟು ವರ್ಷ ಇಬ್ಬರೂ ಆ ಹೊಟ್ಟಿಗಾಗಿ ಜಗಳವಾಡಿದರು. ಅದು ಪುಷ್ಯದ ಗಾಳಿ, ವರ್ಷದಲ್ಲೇ ಬಡಕಲು ಗಾಳಿ. ಬಡಕಲು ಗಾಳಿಗೆ ದಾರಿ ದಾಟುವ ಶಕ್ತಿಯಿದ್ದರೆ ಆಷಾಢದ್ದಕ್ಕೆ ಎಷ್ಟಿರಬೇಕು? ಅನ್ನಪೂರ್ಣ ತೀರಿಕೊಂಡು ಆರು ವರ್ಷವಾಯಿತು, ನಾನೀಗ ರಾಗಿ ಬೆಳೆಯುವುದಿಲ್ಲ. ನಿಂಗಕ್ಕ ಮೊನ್ನೆ ಸಿಕ್ಕವಳು ಅಂಗಳ ಸ್ವಚ್ಛವಾಗಿದೆ, ಬೇಜಾರು ಎಂದಳು. ಇರಲಿ, ಇದು ತಮ್ಮ ಕಚೇರಿಗೆ ಸಂಬಂಧಪಟ್ಟ ವಿಷಯವಲ್ಲ.

ಸಂಬಂಧಪಟ್ಟ ವಿಷಯಕ್ಕೆ ಬರುತ್ತೇನೆ. ಹೋದ ವರ್ಷದ ಯುಗಾದಿಯ ಹೊತ್ತಿಗೆ ಹಟ್ಟಿಯ ದಿಬ್ಬದ ಮೇಲೆ ತಾವು ಗಾಳಿ ಅಳೆಯುವ ಕಂಬ ನೆಡಿಸಿದಿರಿ. ತುದಿಯಲ್ಲಿ ತಿರುಗುವ ಮೂರು ಬಟ್ಟಲು, ಬುಡದಲ್ಲಿ ಕೀಲು. ಹಗ್ಗ ಸಡಿಲಿಸಿದರೆ ಕಂಬ ಮಲಗುತ್ತದೆ, ಎಳೆದರೆ ಏಳುತ್ತದೆ. ಬಟ್ಟಲಿನ ಧೂಳು ಒರೆಸಲೆಂದು ಅದನ್ನು ಕೆಂಚಕ್ಕನ ಗಂಡ, ಕುರಿ ಮೇಯಿಸುವ ಜುಂಜಯ್ಯನಿಗೆ ನಿಮ್ಮವರೇ ಕಲಿಸಿಕೊಟ್ಟರು. ಆಮೇಲೆ ಇಂಗ್ಲಿಷಿನ ಕರಾರು ತೆಗೆದರು. ಹಟ್ಟಿಗೆ ಇಂಗ್ಲಿಷ್ ಕಾಗದ ಬಂದರೆ ನನಗೇ ಕರೆ. ಕಾಲೇಜಿನ ಇಂಗ್ಲಿಷ್ ಮುಕ್ಕಾಲು ಪಾಲು ಮರೆತಿದೆ, ‘ಶಲ್’ ಎಂದರೆ ಅಪ್ಪಣೆ ಎಂಬುದು ಮಾತ್ರ ನೆನಪಿದೆ. ಆ ಒಂದು ಹಾಳೆಯಲ್ಲಿ ಹನ್ನೊಂದು ಶಲ್ ಇದ್ದವು. ಗಾಳಿ, ಮಳೆ, ಸಿಡಿಲು, ಜಾನುವಾರು, ಯಾವುದರಿಂದ ಉಪಕರಣಕ್ಕೆ ಹಾನಿಯಾದರೂ ಪಾಲಕನೇ ಹೊಣೆ ಎಂದಿತ್ತು. ನಾನು ಗಟ್ಟಿಯಾಗಿ ಓದಿ ಅರ್ಥ ಹೇಳಿದೆ. ಜುಂಜಯ್ಯ ಹೆಬ್ಬೆಟ್ಟು ಒತ್ತಿದ.

ವರ್ಷ ಕಳೆದ ಮೇಲೆ ಲಕೋಟೆ ಬಂತು. ಒಳಗೆ ಎರಡು ಕಾಗದ. ಒಂದು, ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ತಾಲ್ಲೂಕುಗಳ ಪೈಕಿ ಉಪಕರಣವನ್ನು ಒಂದು ಗೀರೂ ಇಲ್ಲದೆ ಹಿಂದಿರುಗಿಸಿದ ಏಕೈಕ ಪಾಲಕ ಜುಂಜಯ್ಯನಿಗೆ ಪ್ರಶಂಸಾ ಪತ್ರ. ಇನ್ನೊಂದು ಈ ವರದಿ. ಹಟ್ಟಿಯ ಕಟ್ಟೆಯ ಮೇಲೆ ಕುಳಿತು ಎರಡನ್ನೂ ಓದಿದೆ. ಕೆಂಚಕ್ಕ ಕೇಳಿದಳು:

“ಆಷಾಢದಾಗೆ ಗಾಳಿ ಇರ್ಲಿಲ್ವಂತಾ? ಹಂಗಾರೆ ನಮ್ಮ ಕೋಳಿಗೂಡಿನ ತಗಡು ಯಾರು ಹೊತ್ಕಂಡು ಹೋದ್ರು, ಆಫೀಸಿನೋರಾ?”

ಎಲ್ಲರೂ ನಕ್ಕರು. ಜುಂಜಯ್ಯ ನಗಲಿಲ್ಲ. ಅವನ ಕೈಯಲ್ಲಿ ಪ್ರಶಂಸಾ ಪತ್ರವಿತ್ತು.

“ಗಾಳಿ ಜೋರಾದಾಗೆಲ್ಲ ನಾನು ಕಂಬ ಮಲಗ್ಸಿ, ಬಟ್ಲಿಗೆ ಕಂಬಳಿ ಹೊಚ್ತಿದ್ದೆ ಯಜಮಾನ್ರೇ. ಗಾಳಿ ನಿಂತ ಮ್ಯಾಲೆ ಎಬ್ಬಿಸ್ತಿದ್ದೆ. ಮುರುದ್ರೆ ನೀನೇ ಹೊಣೆ ಅಂತ ನೀವೇ ಓದಿದ್ರಲ್ಲ.”

“ಗಾಳಿ ನೋಡಾಕೆ ಇಟ್ಟಿದ್ದನ್ನ ಗಾಳಿಗೇ ಸಿಗದಂಗೆ ಕಾದ್ಯಲ್ಲ,” ಎಂದಳು ಕೆಂಚಕ್ಕ. “ಏನ್ ಹೇಳಾಣ ನಿಂಗೆ.” ಅವಳು ಗಂಡನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. ನನ್ನ ಕಡೆ ತುಸು ಹೆಚ್ಚು ಹೊತ್ತು.

ಮಾನ್ಯರೇ, ಜುಂಜಯ್ಯನನ್ನು ನಾನು ಬೈಯಲಾರೆ. ಚಳಿಗಾಳಿಗೆ ಮರಿಯನ್ನು ಕಂಬಳಿಯೊಳಗೆ ಇಟ್ಟುಕೊಳ್ಳುವವನ ಕೈಗೆ ನಿಮ್ಮ ಬಟ್ಟಲು ಕೊಟ್ಟಿರಿ, ಕಾಯಿ ಎಂದಿರಿ, ಕಾದ. ಪ್ರಶ್ನೆ ನಿಮಗೆ. ಈ ಜಿಲ್ಲೆಯಲ್ಲಿ ಕುಳಿತು ಸಂಬಳ ಎಣಿಸುವ ಒಬ್ಬ ವಿದ್ಯಾವಂತರಿಗೂ, ಆಷಾಢದಲ್ಲಿ ಸೊನ್ನೆ ಬಂದಿದೆಯಲ್ಲ, ಏನೋ ಎಡವಟ್ಟಾಗಿದೆ ಎಂದು ಅನ್ನಿಸಲಿಲ್ಲವೇ? ಕಿಟಕಿ ತೆರೆದಿದ್ದರೆ ಸಾಕಿತ್ತು.

ಇದನ್ನೇ ಹೇಳಲು ತಮ್ಮ ಕಚೇರಿಗೆ ಬಂದೆ. ತಮ್ಮ ಕೈಕೆಳಗಿನವರು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಉಪಕರಣ ಸುಸ್ಥಿತಿಯಲ್ಲಿದೆ, ಆದ್ದರಿಂದ ಅದು ಕೊಟ್ಟ ಅಂಕಿ ಸರಿಯಾಗಿಯೇ ಇದೆ ಎಂದರು. ಹಾಗಾದರೆ ಹಿರಿಯೂರಿನ ಕಡೆ ಗಾಳಿಗೆ ಬಟ್ಟಲೇ ಮುರಿದು ಹೋಯಿತಂತಲ್ಲ, ಅಲ್ಲಿಗಾದರೂ ಯಂತ್ರ ಸಿಕ್ಕಿತೇ ಎಂದೆ. ಇಲ್ಲವಂತೆ, ಅಲ್ಲಿ ಅಂಕಿ ಅಪೂರ್ಣ, ಆದ್ದರಿಂದ ನಾಟ್ ಫೀಸಿಬಲ್. ಮುರಿಯದಿದ್ದರೆ ಗಾಳಿಯಿಲ್ಲ, ಮುರಿದರೆ ಅಂಕಿಯಿಲ್ಲ. ಇಷ್ಟು ಬಿಗಿಯಾದ ಬಾಗಿಲನ್ನು ನಮ್ಮ ದುರ್ಗದ ಕೋಟೆ ಕಟ್ಟಿದವರೂ ಮಾಡಿಸಿರಲಿಲ್ಲ. ಚಹಾ ಚೆನ್ನಾಗಿತ್ತು.

ಈಗ ಜ್ಯೇಷ್ಠದ ಕೊನೆಯ ಪಕ್ಷ. ಕೆಂಚಕ್ಕ ಈ ಸಲ ಎರಡು ಡ್ರಮ್ಮು ತುಂಬಿಸಿಟ್ಟಿದ್ದಾಳೆ, ಅವು ಮೂರು ದಿನಕ್ಕೆ ಸಾಕು. ಇನ್ನು ಹನ್ನೆರಡು ದಿನಕ್ಕೆ ಆಷಾಢ. ಇದೊಂದು ತಪ್ಪಿದರೆ ಐದು ವರ್ಷ ಬೇಲಿಯ ಹೊರಗೆ ಕೊಡ ಹಿಡಿದು ನಿಲ್ಲಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ವರದಿಯನ್ನು ತಡೆಹಿಡಿಯಿರಿ. ಅದೇ ದಿಬ್ಬದ ಮೇಲೆ ಅದೇ ಕಂಬವನ್ನು ಆಷಾಢಕ್ಕೆ ಮುಂಚೆ ನೆಡಿಸಿರಿ. ಕಾಯಲು ಜುಂಜಯ್ಯ ಒಪ್ಪಿದ್ದಾನೆ, ಆದರೆ ಅವನದೊಂದು ಷರತ್ತಿದೆ, ಮತ್ತು ಅದು ನ್ಯಾಯವಾದದ್ದು. ಹನ್ನೊಂದು ಶಲ್ ಇರುವ ಆ ಹಾಳೆ ಬೇಡ. ಕನ್ನಡದಲ್ಲಿ ಒಂದೇ ಸಾಲು ಬರೆದು ತಾವೇ ರುಜು ಹಾಕಿ ಕೊಡಬೇಕು: ‘ಗಾಳಿಗೆ ಮುರಿದರೆ ಯಾರೂ ನಿನ್ನನ್ನು ಕೇಳುವುದಿಲ್ಲ.’ ಆ ಸಾಲು ಕೈಗೆ ಬರುವವರೆಗೆ ಅವನು ಕಂಬಳಿ ತೆಗೆಯುವುದಿಲ್ಲ, ತೆಗೆ ಎಂದು ನಾನೂ ಹೇಳುವುದಿಲ್ಲ. ಬಂದ ಮೇಲೆ ಕಂಬ ನಿಂತೇ ಇರುತ್ತದೆ. ಮುರಿದು ಬಿದ್ದರೆ, ಮಾನ್ಯರೇ, ಬಿದ್ದ ಆ ಚೂರುಗಳನ್ನೇ ವರದಿ ಎಂದು ಓದಿಕೊಳ್ಳಿ.

ಇಂತಿ,
ಕರಾರನ್ನು ಸರಿಯಾಗಿಯೇ ಓದಿ ಹೇಳಿ ಹಟ್ಟಿಯ ನೀರು ಕೆಡಿಸಿದ,
ಅರ್ಧ ಬಿ.ಎ. ಓದಿದ ಬಾಗೂರು ಕಡೆಯ ಒಬ್ಬ ಮುದುಕ