ಅಳಿಲಿನ ಆಟಕ್ಕೆ ನಾನು ಹೊಸಬಳು

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ರೀ,

ಪ್ರೀತಿಯ ನಮಸ್ಕಾರ. ಮಂಡಿನೋವು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಇಡೀ ದಿನ ನಿಂತೇ ಇರುತ್ತೀರಿ. ಎಲ್ಲರಿಗೂ ಬಿಸಿಬಿಸಿ ಬಡಿಸಿ, ನೀವು ಮಾತ್ರ ಉಳಿದದ್ದನ್ನು ತಣ್ಣಗೆ ತಿನ್ನುವ ಚಾಳಿ ಬಿಟ್ಟಿದ್ದೀರೋ ಇಲ್ಲವೋ. ಮುಂದಿನ ಬಂದರಿನಲ್ಲಿ ಈ ಪತ್ರ ನಿಮ್ಮ ಕೈ ಸೇರುತ್ತದೆ ಎಂದು ಕಂಪನಿಯವರು ಹೇಳಿದರು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡಿ. ಫೋನಿನಲ್ಲಿ ನಾವಿಬ್ಬರೂ “ಊಟ ಆಯ್ತಾ”, “ಅಲ್ಲಿ ಗಾಳಿ ಜೋರಾ” ಅಂದುಕೊಂಡು ಇಟ್ಟುಬಿಡುತ್ತೇವೆ. ಮಗಳು ಹೋದಮೇಲೆ ನಮ್ಮ ಮಾತು ಅಷ್ಟಕ್ಕೇ ನಿಂತಿದೆ.

ನಾನು ಚೆನ್ನಾಗಿದ್ದೇನೆ. ಹೋಟೆಲಿನ ಲಾಂಡ್ರಿಯಲ್ಲಿ ಈಗ ಇಸ್ತ್ರಿ ಬಿಡಿಸಿ ಬೆಡ್‌ಶೀಟ್ ಮಡಿಸುವ ಕಡೆ ಹಾಕಿದ್ದಾರೆ. ಕೈ ಸುಡುವುದು ತಪ್ಪಿದೆ. ಹೊಸ ಸುದ್ದಿ ಕೇಳಿದರೆ ನಗುತ್ತೀರಿ, ನಕ್ಕರೆ ಸಂತೋಷವೇ. ನಮ್ಮ ಅಳಿಲು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡು ಫೋನಿನಲ್ಲಿ ಆಡುತ್ತಿದ್ದ ಕಾರ್ಡುಗಳ ಕಾಳಗ ಇತ್ತಲ್ಲ, ಅದನ್ನು ಕಲಿಯುತ್ತಿದ್ದೇನೆ. ಮಧ್ಯಾಹ್ನದ ಬಿಡುವಿನಲ್ಲಿ, ಬಟ್ಟೆಯ ರಾಶಿಗೆ ಒರಗಿಕೊಂಡು. ಕಲಿಸುತ್ತಿರುವವರು ಗೂಬೆ. ಗಾಬರಿಯಾಗಬೇಡಿ, ನಮ್ಮವಳು ಅಳಿಲು ಎಂದಿಟ್ಟುಕೊಂಡ ಹಾಗೆ, ಆಟದಲ್ಲಿ ಅವರಿಟ್ಟುಕೊಂಡ ಹೆಸರು ಅದು. ನಿವೃತ್ತ ಬಸ್ ಡ್ರೈವರು, ಅಳಿಲಿನ ಜೋಡಿಯಾಗಿ ಆಡುತ್ತಿದ್ದವರು. ಇವಳು ಕಾಣದೆ ಹೋದಾಗ ತಡೆಯಲಾರದೆ, ಅವಳು ಹಿಂದೆಂದೋ ಕೊಟ್ಟಿದ್ದ ನನ್ನ ನಂಬರಿಗೆ ಫೋನು ಮಾಡಿದರು. ವಿಷಯ ಕೇಳಿ ಆ ಮುದುಕರು ಅತ್ತದ್ದು ಹೇಗೆಂದರೆ, ಕೊನೆಗೆ ನಾನೇ ಸಮಾಧಾನ ಮಾಡಬೇಕಾಯಿತು. ನನ್ನ ಮಗಳು ಅಷ್ಟು ಹೊತ್ತು ಅದರಲ್ಲಿ ಏನು ನೋಡುತ್ತಿದ್ದಳು, ನನಗೂ ಹೇಳಿಕೊಡಿ ಎಂದು ಆಮೇಲೆ ನಾನೇ ಕೇಳಿಕೊಂಡೆ.

ಹೊಸಬರು ಮಾಡುವ ತಪ್ಪುಗಳಲ್ಲಿ ಒಂದನ್ನೂ ನಾನು ಬಿಡಲಿಲ್ಲ. ಆಟಕ್ಕೆ ನನ್ನ ಕಾರ್ಡುಗಳ ಕಟ್ಟು ಆರಿಸಿಕೊಳ್ಳುವಾಗ ದೊಡ್ಡ ದೊಡ್ಡವನ್ನೇ ತುಂಬಿಕೊಂಡೆ: ರಾಕ್ಷಸ, ರೆಕ್ಕೆಯ ಹುಲಿ, ಬೆಂಕಿಯ ರಾಣಿ. ಅವನ್ನು ಕಣಕ್ಕೆ ಇಳಿಸಲು ಬೇಕಾದ ಶಕ್ತಿ, ಆಟದ ಒಂದೊಂದು ಸುತ್ತಿಗೂ ಇಷ್ಟಿಷ್ಟೇ ಎಂದು ನಿಧಾನಕ್ಕೆ ಕೂಡುತ್ತದೆ. ಅಷ್ಟರಲ್ಲಿ ಎದುರಾಳಿಯ ಇಲಿ, ಇರುವೆಗಳೇ ನನ್ನನ್ನು ತಿಂದು ಮುಗಿಸಿದವು. “ಮದುವೆಗೆ ಬರೀ ಮದುಮಕ್ಕಳೇ ಬಂದ್ರೆ ಬಡಿಸೋರು ಯಾರಮ್ಮ?” ಎಂದರು ಗೂಬೆ. ಸರಿ, ಚಿಕ್ಕವನ್ನು ಹಾಕಿಕೊಂಡೆ, ಆದರೆ ಚೆಂದ ಕಂಡದ್ದನ್ನೆಲ್ಲ ಬಾಚಿಕೊಂಡೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ಒಂದಕ್ಕೊಂದು ಒತ್ತಾಸೆಯೇ ಇಲ್ಲ. ಅದೂ ತಿದ್ದಿಕೊಂಡ ಮೇಲೆ ಅವಸರ ಶುರುವಾಯಿತು: ಇದ್ದಬದ್ದವರನ್ನೆಲ್ಲ ಒಂದೇ ಸಲ ಕಣಕ್ಕೆ ಇಳಿಸಿದೆ, ಎದುರಿನವರು ಒಂದೇ ಒಂದು ಸಿಡಿಲಿನ ಕಾರ್ಡು ಹಾಕಿದರು, ಎಲ್ಲ ಬೂದಿ. ಕೈಯಲ್ಲಿ ಒಂದಾದರೂ ಉಳಿಸಿಕೊಂಡಿರಬೇಕಂತೆ.

ಇನ್ನೊಂದಿದೆ. ಬೇಡವೆನಿಸಿದ ಕಾರ್ಡನ್ನು ಒಡೆದರೆ ಪುಡಿ ಸಿಗುತ್ತದೆ, ಆ ಪುಡಿಯಿಂದ ಬೇರೆ ಕಾರ್ಡು ಮಾಡಿಕೊಳ್ಳಬಹುದು. “ಮೊದಮೊದಲು ಏನನ್ನೂ ಒಡೀಬೇಡ ತಾಯಿ. ಮುಂದೆ ಯಾವುದು ಬೇಕಾಗುತ್ತೆ ಅಂತ ಈಗ ನಿನಗೆ ಗೊತ್ತಿಲ್ಲ” ಎಂದರು. ಅವತ್ತು ನೀವು ಬಹಳ ನೆನಪಾದಿರಿ. ಅವಳು ಹೋಗಿ ಒಂದು ವಾರದೊಳಗೇ ಅವಳ ಮೇಜು, ಚಪ್ಪಲಿ, ಆ ಹಳದಿ ಸ್ವೆಟರು ಎಲ್ಲ ಕಟ್ಟಿ ಯಾರಿಗೋ ಕೊಟ್ಟಿರಿ, ಗೋಡೆಗೆ ಸುಣ್ಣ ಬಳಿದಿರಿ, ಹಡಗು ಹತ್ತಿದಿರಿ. ನಾನು ಕೋಪವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡೆ. ಈಗ ಬರೆಯುತ್ತಿರುವುದು ದೂರುವುದಕ್ಕಲ್ಲ ರೀ. ಆ ಕೋಣೆಯ ಹೊಸ್ತಿಲಿನವರೆಗೆ ಹೋಗಿ ನೀವು ಎರಡು ಸಲ ಹಿಂದಕ್ಕೆ ಬಂದದ್ದನ್ನು ನಾನು ನೋಡಿದ್ದೇನೆ. ನಿಮಗೂ ಅದು ಮೊದಲ ಸಲ.

ನನ್ನ ದೊಡ್ಡ ತಪ್ಪು ಬೇರೆಯೇ. ಸೋಲುವಂತೆ ಕಂಡ ತಕ್ಷಣ ‘ಸೋತೆ’ ಎಂಬ ಬಟನ್ ಒತ್ತಿಬಿಡುತ್ತಿದ್ದೆ. ಕೊನೆಯವರೆಗೆ ಕೂತು ನೋಡುವ ಎದೆ ನನಗಿಲ್ಲ. ಗೂಬೆ ಹೇಳಿದರು: “ಅಳಿಲು ಯಾವತ್ತೂ ಅದನ್ನ ಒತ್ತಲಿಲ್ಲಮ್ಮ. ಸೋಲ್ತೀವಿ ಅಂತ ಗೊತ್ತಿದ್ರೂ, ‘ಇರಿ ತಾತ, ಇನ್ನೊಂದು ಕಾರ್ಡು ಬರುತ್ತೆ, ಯಾವುದು ಅಂತ ನೋಡೋಣ’ ಅಂತಿದ್ಳು.” ಡಾಕ್ಟರು ನಮ್ಮಿಬ್ಬರನ್ನು ಹೊರಗೆ ಕರೆದು ಹೇಳಿದ್ದನ್ನು ಅವಳಿಂದ ಮುಚ್ಚಿಟ್ಟಿದ್ದೆವಲ್ಲ. ಅವಳಿಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಗೊತ್ತಿದ್ದೇ ಆಡುತ್ತಿದ್ದಳು. ಮೊನ್ನೆ ನಾನು ಬಟನ್ ಒತ್ತಲಿಲ್ಲ. ಸೋತೆ, ಆದರೆ ಕೊನೆಯ ಕಾರ್ಡು ಬರುವವರೆಗೂ ಕೂತಿದ್ದೆ. ಪಕ್ಕದಲ್ಲಿ ಮಡಿಸುವವಳು “ಯಾಕೇ ಅಳ್ತಿದೀಯ?” ಎಂದಳು. ಇಸ್ತ್ರಿಯ ಹಬೆ ಎಂದೆ. ಮಡಿಸುವ ಕಡೆ ಹಬೆ ಎಲ್ಲಿಂದ ಬರಬೇಕು!

ಹೊತ್ತುಹೊತ್ತಿಗೆ ಉಣ್ಣಿ. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ. ಜೊತೆಯ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳಿ. ಸಮುದ್ರ ನಿಮ್ಮನ್ನು ನೋಯಿಸದಿರಲಿ.

ನಿಮ್ಮವಳು,
ಅಳಿಲಿನ ಅಮ್ಮ

ತಾ.ಕ.: ಅಂಚೆ ಡಬ್ಬಿಗೆ ಹಾಕಲು ಹೊರಟವಳು ಮತ್ತೆ ಕೂತು ಬರೆಯುತ್ತಿದ್ದೇನೆ. ವರ್ಷದಿಂದ ತೆರೆಯದ ಖಾತೆಗಳನ್ನು ಆಟದವರು ಮುಂದಿನ ತಿಂಗಳು ಅಳಿಸಿಹಾಕುತ್ತಾರಂತೆ. ಅವಳದೂ ಅದರಲ್ಲಿ ಸೇರಿದೆ. ಖಾತೆ ಮಾಡಿಕೊಟ್ಟವರು ನೀವು, ಪಾಸ್‌ವರ್ಡ್ ನಿಮಗೊಬ್ಬರಿಗೇ ಗೊತ್ತು. ಬಂದರಿನಲ್ಲಿ ಇಂಟರ್ನೆಟ್ ಸಿಕ್ಕಾಗ ನನಗೊಂದು ಮಿಸ್ಡ್ ಕಾಲ್ ಕೊಟ್ಟು, ಒಂದೇ ಸಲ ತೆರೆಯಿರಿ. ಆಡುವುದು ಬೇಡ, ಸುಮ್ಮನೆ ತೆರೆದಿಡಿ. ಗೂಬೆ ನನ್ನನ್ನು ಅವರ ತಂಡಕ್ಕೆ ಸೇರಿಸಿಕೊಂಡಿದ್ದಾರೆ. ತಂಡದವರ ಹೆಸರುಗಳ ನಡುವೆ ಅವಳ ಹೆಸರು ಇನ್ನೂ ಇದೆ, ಬೂದು ಬಣ್ಣದಲ್ಲಿ. ನೀವು ತೆರೆದರೆ ಅದರ ಪಕ್ಕ ಹಸಿರು ಚುಕ್ಕೆ ಬೆಳಗುತ್ತದೆ. ನೀವೇ ಎಂದು ನನಗೆ ಗೊತ್ತಿರುತ್ತದೆ. ಆದರೂ ಬೆಳಗಲಿ.