ಕೆಂಪು ಬಿಲ್ಲೆಗೆ ಹತ್ತು ನಿಮಿಷ

ಶೋಳಿಂಗನಲ್ಲೂರು, ಚೆನ್ನೈ
ರವಿವಾರ, ೧೮ ಜುಲೈ ೨೦೦೪

ಪ್ರಿಯ ಗಿರಿಜಾ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ತಡವಾದದ್ದಕ್ಕೆ ಕೆಲಸದ ನೆಪ ಹೇಳಬಹುದು, ನೀನು ನಂಬುವವಳಲ್ಲ. ಬೇಸರ ಮಾಡಿಕೊಳ್ಳಬೇಡ. ನೀನು ಬರೆದದ್ದೂ ಎರಡೇ ಸಾಲು: ಗದಗಿನಲ್ಲಿ ಸೆಕೆ ಇಳಿದಿದೆ, ಹೆಪ್ಪಿನ ಗಡಿಗೆ ತೊಳೆದಿಟ್ಟಿದ್ದೀರಾ ಎಂದು. ತೊಳೆದಿಟ್ಟಿದ್ದೇನೆ. ಆಸ್ಪತ್ರೆಯಿಂದ ಬಂದ ಮೂರು ವಾರಕ್ಕೆ ತವರಿಗೆ ಹೋದವಳು ತಿರುಗಿ ಬರುತ್ತೀಯೋ ಇಲ್ಲವೋ ಎಂದು ಮಾತ್ರ ಬರೆದಿಲ್ಲ.

ಮೊನ್ನೆ ಮಾವನವರಿಗೆ ಫೋನ್ ಮಾಡಿದ್ದೆ. "ಆಕಿ ಮಕ್ಕೊಂಡಾಳ್ರಿ. ಎಬ್ಬಸಲೇನು?" ಎಂದರು. ಆಗ ಬೆಳಿಗ್ಗೆ ಹನ್ನೊಂದು ಗಂಟೆ. ಬೇಡ ಎಂದೆ.

ಪಕ್ಕದ ಮನೆಯ ಸರಸ ದಿನಾ ವಿಚಾರಿಸುತ್ತಾರೆ. "ಏನ್ ಸಾರ್, ಗಿರಿಜಾ ಇನ್ನೂ ಊರಲ್ಲೇ ಇದಾಳಾ? ಪಾವಂ, ಸಾಪಾಟಿಗೆ ಏನ್ ಮಾಡ್ತೀರಿ?" ಎಂದು ಅವರ ತಮಿಳುಗನ್ನಡದಲ್ಲಿ ಕೇಳಿ, ಒಂದು ಡಬ್ಬಿ ಸಾಂಬಾರ್ ಕೊಟ್ಟರು. ತಿಂದೆ. ಉಪ್ಪಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಒಂದು ಸುದ್ದಿ ಇದೆ. ನಮ್ಮ ತಂಡಕ್ಕೆ ಬಹುಮಾನ ಬಂತು. ಜನವರಿಯಲ್ಲಿ ದಿನೇಶ್ ಎಂಬ ತರಬೇತುದಾರರು ಬಂದದ್ದು ನಿನಗೆ ನೆನಪಿರಬೇಕು. ನಾನು ಸಿಡುಕ, ಅದಕ್ಕೇ ನಮ್ಮ ತಂಡದ ಕೆಲಸ ಸಾಗುತ್ತಿಲ್ಲ ಎಂದು ಮುಖಕ್ಕೇ ಹೇಳಿದವರು. ಅವರೇ ಗೋಡೆಗೆ ಆ ಹಲಗೆ ಹಾಕಿಸಿದ್ದು. ಬೆಳಿಗ್ಗೆ ಬಂದವರು ತಮ್ಮ ಹೆಸರಿನ ಕೆಳಗೆ ಅಯಸ್ಕಾಂತದ ಬಿಲ್ಲೆ ಅಂಟಿಸಬೇಕು: ಮನಸ್ಸು ನೆಟ್ಟಗಿದ್ದರೆ ಹಸಿರು, ಅಷ್ಟಕ್ಕಷ್ಟೇ ಆದರೆ ಹಳದಿ, ತಡೆಯಲಾಗದಿದ್ದರೆ ಕೆಂಪು. ಕೆಂಪು ಹಾಕಿದವರ ಜೊತೆ ನಾನು ಹತ್ತು ನಿಮಿಷ ಕೂರಬೇಕು. ಬುದ್ಧಿ ಹೇಳಕೂಡದು, ಕೇಳಬೇಕು, ಅಷ್ಟೇ.

ಮೊದಲು ನಗು ಬಂದಿತ್ತು. ಆದರೆ ಎಣ್ಣೂರಿನ ಸುರೇಶ, ವಿಮೆಯ ಫಾರಂಗಳನ್ನೆಲ್ಲ ತಪ್ಪುತಪ್ಪಾಗಿ ತುಂಬುತ್ತಿದ್ದವನು, ಒಂದು ದಿನ ಕೆಂಪು ಹಾಕಿದ. ಮೆಚ್ಚಿದವಳನ್ನು ಮದುವೆಯಾದದ್ದಕ್ಕೆ ಅವನ ಅಪ್ಪ ವರ್ಷದಿಂದ ಮಾತು ಬಿಟ್ಟಿದ್ದರಂತೆ. ಹೇಳಿ ಅತ್ತ. "ಯಾರುಮೇ ಕೇಕ್ಕಲೆ ಸಾರ್" ಎಂದ, ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲವಂತೆ. ಆ ವಾರ ಅವನ ಫಾರಂಗಳಲ್ಲಿ ಒಂದೂ ತಪ್ಪಿರಲಿಲ್ಲ. ಹೀಗೇ ಒಬ್ಬೊಬ್ಬರದೂ ಆಗಿ, ಆರು ತಿಂಗಳಲ್ಲಿ ನಮ್ಮ ಕೆಲಸ ಒಂದೂವರೆ ಪಟ್ಟಾಯಿತು.

ಶುಕ್ರವಾರ ನನ್ನನ್ನು ವೇದಿಕೆಗೆ ಕರೆದು, ಕೇಳಿಸಿಕೊಳ್ಳುವ ಕಲೆಯ ಬಗ್ಗೆ ಮಾತಾಡಿಸಿದರು. ಚೆನ್ನಾಗಿಯೇ ಮಾತಾಡಿದೆ. ಚಪ್ಪಾಳೆ ಬಿತ್ತು. ನನಗೆ ಏನೂ ಅನ್ನಿಸಲಿಲ್ಲ, ಗಿರಿಜಾ. ಬಹುಮಾನದ ಫಲಕ ಇನ್ನೂ ಚೀಲದಲ್ಲೇ ಇದೆ.

ಬಾ ಎಂದು ಬರೆಯುವ ಮುಖ ನನಗಿಲ್ಲ. ಶನಿವಾರ ನಾನೇ ಗದಗಿಗೆ ಬರಲೇ? ಬೇಡವೆಂದರೆ ಬರುವುದಿಲ್ಲ. ಅತ್ತೆ, ಮಾವನವರಿಗೆ ನನ್ನ ಶರಣು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು, ಶಿವ ನಿನ್ನ ಮೈಮನ ಕಾಯಲಿ.

ನಿನ್ನ
ಶಿವಶರಣ

ತಾ.ಕ.: ಹೆಚ್ಚಾದ ಬಿಲ್ಲೆಗಳನ್ನು ನಾನು ಮನೆಗೆ ತಂದು, ನಮ್ಮಿಬ್ಬರ ಹೆಸರು ಬರೆದು ಫ್ರಿಜ್‌ಗೆ ಅಂಟಿಸಿದಾಗ, "ಆಫೀಸ್ ಮನೀಗೂ ತಂದ್ರೇನು?" ಎಂದು ನೀನು ನಕ್ಕಿದ್ದೆ. ಕೂಸು ಹೊಟ್ಟೆಯಲ್ಲೇ ಹೋಗಿ, ನೀನು ಬರಿಗೈಯಲ್ಲಿ ಮನೆಗೆ ಬಂದ ಮರುದಿನ ನಿನ್ನ ಹೆಸರಿನ ಕೆಳಗೆ ಕೆಂಪು ಬಿಲ್ಲೆ ಇತ್ತು. ನಾನು ನೋಡಲೇ ಇಲ್ಲ ಎಂದು ಮಾವನವರಿಗೆ ಹೇಳಿದ್ದೆ. ಸುಳ್ಳು. ಹತ್ತೊಂಬತ್ತು ದಿನವೂ ಹಾಲು ತೆಗೆಯುವಾಗ ನೋಡಿದೆ. ಹತ್ತು ನಿಮಿಷ ನಿನ್ನ ಮುಂದೆ ಕೂತರೆ ನಾನೂ ಅಳಬೇಕಾಗುತ್ತಿತ್ತು. ಕೆಳಗೆ ಆಫೀಸಿನ ಕ್ಯಾಬ್ ಹಾರ್ನ್ ಹೊಡೆಯುತ್ತಿತ್ತು. ಇಪ್ಪತ್ತನೆಯ ದಿನ ನೀನೇ ಕೆಂಪು ತೆಗೆದು ಹಸಿರು ಹಾಕಿದ್ದೆ. ಆ ಸಂಜೆ ನೀನು ಊರಿನ ರೈಲು ಹತ್ತುತ್ತೀ ಎಂದು ನನಗೆ ಗೊತ್ತಿರಲಿಲ್ಲ. ಹಸಿರು ಕಂಡು, ಸದ್ಯ ಎಲ್ಲ ಸರಿಹೋಯಿತು ಎಂದುಕೊಂಡು, ನಿರಾಳವಾಗಿ ಹಾಲು ಕಾಸಿ ಕುಡಿದು ಹೋದೆ.