ಗಂಟು ಚುಚ್ಚಬೇಡಿ ಎಂದವಳಿಗೆ

ಹಟಮಾರಿ ಅಕ್ಕನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಹೋಗಿ ಎರಡು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ಇವತ್ತಂತೂ ನೆತ್ತಿಗೇರಿದೆ.

ಹೊನ್ನವಳ್ಳಿ ಮನೆಯ ಅಟ್ಟ ನೆನಪಿದೆಯಾ? ವರ್ಷದ ಹತ್ತಿರ ಒಣಗಿದ ತೆಂಗಿನಕಾಯಿಯನ್ನು ನೀನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದೆ. ಒಳಗೆ ಕೊಬ್ಬರಿ ಸದ್ದು ಮಾಡಿದರೆ ಸುಲಿಯಲು ಕೆಳಗೆ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ನಾನು ಆತುರಪಟ್ಟು ಒಂದನ್ನು ಒಡೆದಾಗ ನೀನು ನನ್ನ ತಲೆಗೆ ಮೊಟಕಿದ್ದೆ. "ಹಸಿ ಇರೋವಾಗ ಒಡೆದ್ರೆ ಕೆಟ್ಟೋಯ್ತದೆ ಕಣೇ." ಕೊಬ್ಬರಿಯ ಮಟ್ಟಿಗೆ ಆ ಮಾತು ಸರಿ.

ನಿನ್ನ ಎದೆಯ ಗಂಟೂ ಕೊಬ್ಬರಿಯೇ? ತುಮಕೂರಿನ ಡಾಕ್ಟರು ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡೋಣ ಎಂದಾಗ ನೀನು ಸೆರಗು ಬಿಗಿಹಿಡಿದು ಎದ್ದುಬಿಟ್ಟೆ. "ಸುಮ್ನಿರೋದನ್ನ ಚುಚ್ಚಿದ್ರೆ ಮೈಯೆಲ್ಲಾ ಹರಡ್ತದೆ, ಬುಡ್ರೀ." ಹಾಗೆ ಹರಡುವುದಿಲ್ಲ ಎಂದು ಅವರು ಎಷ್ಟು ಹೇಳಿದರು! ಬಸ್ಸು ಕಿಬ್ಬನಹಳ್ಳಿ ದಾಟುವವರೆಗೂ ನಾನು ಬೇಡಿಕೊಂಡೆ. ನೀನು ಕಿಟಕಿಯಾಚೆ ಯಾರದೋ ತೋಟ ನೋಡುತ್ತಾ ಕೂತೆ. ಚುಚ್ಚದೆಯೂ ಅದು ಹರಡಿತಲ್ಲಾ ಅಕ್ಕಾ...

ಈಗ ನನ್ನ ಸರದಿ. ಹೋದ ವರ್ಷ ಸ್ನಾನ ಮಾಡುವಾಗ ನನ್ನ ಎದೆಯಲ್ಲೂ ಗಂಟು ಕೈಗೆ ಸಿಕ್ಕಿತು. ಮಾರನೆಯ ದಿನವೇ ಹೋಗಿ ಚುಚ್ಚಿಸಿಕೊಂಡೆ. ಕ್ಯಾನ್ಸರೇ. ಕಿಮೋ ಆಯಿತು, ಆಪರೇಷನ್ ಆಯಿತು, ಇನ್ನೂ ಸ್ವಲ್ಪ ಉಳಿದಿದೆ ಎಂದರು. ಅದಕ್ಕೊಂದು ಬೇರೆ ಮದ್ದಿದೆಯಂತೆ. ನನ್ನಂಥವರ ಕ್ಯಾನ್ಸರ್ ಕೋಶದ ಮೇಲೆ ಒಂದು ಗುರುತು ಹೆಚ್ಚಾಗಿರುತ್ತದೆ. ಅದನ್ನು ಹುಡುಕಿ ಹಿಡಿಯುವ ಪ್ರತಿಕಾಯಕ್ಕೆ ವಿಷ ಕಟ್ಟಿ ರಕ್ತಕ್ಕೆ ಬಿಡುತ್ತಾರೆ. ಕೋಶದ ಒಳಹೊಕ್ಕ ಮೇಲೆ ವಿಷ ಬಿಚ್ಚಿಕೊಳ್ಳುತ್ತದೆ. ಉಳಿದ ಮೈಗೆ ಪೆಟ್ಟು ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಆದರೆ ಆ ಗುರುತು ಇದೆಯೋ ಇಲ್ಲವೋ ತಿಳಿಯಲು ಗಂಟಿನ ಚೂರು ಬೇಕೇ ಬೇಕು. ನನ್ನದರಲ್ಲಿ ಇತ್ತು. ನಿನ್ನದರಲ್ಲಿ? ಈ ಮದ್ದು ನಿನಗೂ ಆಗುತ್ತಿತ್ತೋ ಏನೋ. ಯಾರನ್ನು ಕೇಳಲಿ? ನನ್ನ ಹೊಟ್ಟೆ ಉರಿಯುವುದೇ ಇದಕ್ಕೆ.

ಇವತ್ತು ನಿನ್ನ ಮಗಳು ಶೋಭಾ ನನ್ನನ್ನು ನೋಡಲು ಬಂದಿದ್ದಳು. ಕಾಫಿ ಲೋಟ ಕೆಳಗಿಟ್ಟು, ತನ್ನ ಎದೆಯಲ್ಲೂ ಸಣ್ಣದೊಂದು ಗಂಟಿದೆ ಎಂದಳು. ಯಾಕೆ ತೋರಿಸಲಿಲ್ಲ ಎಂದು ರೇಗಿದೆ. "ಏನೇ ಆದ್ರೂ ಚುಚ್ಚಿಸ್ಕೋಬ್ಯಾಡ ಅಂತ ಅವ್ವ ಸಾಯೋ ಮುಂಚೆ ಆಣೆ ಹಾಕಿಸ್ಕೊಂಡಿದ್ಲು, ಚಿಕ್ಕಮ್ಮ." ಅಯ್ಯೋ, ಹೋಗುವಾಗ ಇದನ್ನೂ ಮಾಡಿ ಹೋದೆಯಾ?

ನಾಳೆ ನನಗೆ ಆ ಮದ್ದಿನ ಮೊದಲ ಬಾಟಲಿ. ಅದೇ ಆಸ್ಪತ್ರೆಯಲ್ಲಿ ಶೋಭಾಳ ಗಂಟಿಗೂ ಸೂಜಿ. ಅತ್ತಳು, ಆಮೇಲೆ ಒಪ್ಪಿಕೊಂಡಳು. ಹೌದು, ನಿನ್ನ ಆಣೆ ಮುರಿಸುತ್ತಿರುವವಳು ನಾನೇ. ಪಾಪ ತಟ್ಟುವುದಾದರೆ ನನಗೇ ತಟ್ಟಲಿ. ಹುಡುಗಿಯನ್ನು ಬಿಟ್ಟುಬಿಡು ಅಕ್ಕಾ.